ಬಟ್ಟೆಯ ಮಾಡಿನ ಮೇಲೆ ನಿಲ್ಲುವ ನೀರು



ಮನೆಯ ಮುಂದೆ ಒಮ್ಮೆಯಾದರೂ ಚಪ್ಪರ ಹಾಕಿಸದ ಗೃಹಸ್ಥನು ವಿರಳ. ಮದುವೆ ಮುಂಜಿಗಳಿಗೆ ಟಾರ್ಪಾಲಿನ ಚಪ್ಪರ. ಮಳೆಗಾಲದಲ್ಲಿ ಜಗಲಿಗೆ ಇರಚಲು ಹೊಡೆಯದಂತೆ ಬಟ್ಟೆಯ ಮರೆ. ಪ್ರವಾಸಪ್ರಿಯರಾದ ಕಿರಿಯರು ಡೇರೆಯ ಮುಂದಕ್ಕೋ ಕಾರಿನ ಪಕ್ಕಕ್ಕೋ ಕಟ್ಟಿಕೊಳ್ಳುವ ನೆರಳುಮಾಡು—ಇವೆಲ್ಲವೂ ಒಂದೇ ಜಾತಿಯವು. ಇವುಗಳಿಗೆ ಒದಗುವ ಆಪತ್ತೂ ಒಂದೇ. ಮಳೆಯ ನೀರು ಮೇಲೆ ನಿಲ್ಲುವುದು. ಇದನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯಲು ನಮಗೆ ಅಧಿಕಾರವುಂಟು; ಏಕೆಂದರೆ ಈ ವಿಷಯದಲ್ಲಿ ತಪ್ಪಿದವರು ನಾವೇ.

ಕಳೆದ ವೈಶಾಖದಲ್ಲಿ ನಮ್ಮ ಮೊಮ್ಮಗನ ಉಪನಯನ. ಚಪ್ಪರ ಕಟ್ಟಲು ಬಂದಾತನು, “ಮೇಷ್ಟ್ರೇ, ಬೀದಿಯ ಕಡೆ ಎರಡೂವರೆ ಅಡಿ ತಗ್ಗಿಸಿ ಕಟ್ಟುತ್ತೇನೆ. ಮಳೆ ಬಂದರೆ ನೀರು ನಿಲ್ಲಬಾರದು,” ಎಂದನು. “ಬಂದ ನೆಂಟರು ತಲೆ ಬಗ್ಗಿಸಿ ಒಳಗೆ ಬರಬೇಕೇನಪ್ಪಾ? ನಾಲ್ಕು ಮೂಲೆಯೂ ಸಮವಾಗಿರಲಿ,” ಎಂದೆವು. ಆತನು ಇನ್ನೊಮ್ಮೆ ಹೇಳಿ ನೋಡಿದನು, ನಾವು ಕೇಳಲಿಲ್ಲ. ತಗ್ಗಿನತ್ತ ಹೊರಟ ನೀರನ್ನು ಹಿಂದಿರುಗಿಸುವುದು ಅಶಕ್ಯವೆಂದು ಕುಮಾರಸಂಭವದ ಐದನೆಯ ಸರ್ಗದಲ್ಲಿ ಕಾಳಿದಾಸನು ಹೇಳಿರುವುದಷ್ಟೆ. ಆ ಶ್ಲೋಕಕ್ಕೆ ವರ್ಷವರ್ಷವೂ ಅರ್ಥ ಹೇಳುತ್ತಿದ್ದ ನಮಗೆ, ತಗ್ಗೇ ಇಲ್ಲದಿದ್ದರೆ ನೀರು ಏನು ಮಾಡೀತೆಂಬುದು ಹೊಳೆಯಲಿಲ್ಲ.

ಮುಹೂರ್ತದ ಹಿಂದಿನ ರಾತ್ರಿ ಗುಡುಗುಸಹಿತ ಮಳೆ ಬಂದಿತು. ನಮ್ಮ ಅಕ್ಕನವರು ಮಕ್ಕಳನ್ನು ಕಟ್ಟಿಕೊಂಡು ಚಪ್ಪರದ ಕೆಳಗೆ ಚಾಪೆಯ ಮೇಲೆ ಮಲಗಿದ್ದರು. ನಮ್ಮ ಮನೆಯಾಕೆ ಎದ್ದು ನೋಡುವಾಗ ಟಾರ್ಪಾಲು ಗಬ್ಬದ ಹಸುವಿನ ಹೊಟ್ಟೆಯಂತೆ ಜೋತುಬಿದ್ದಿತ್ತು. ಆಕೆ ಎಲ್ಲರನ್ನೂ ಎಬ್ಬಿಸಿ ಒಳಕ್ಕೆ ಎಳೆದುಕೊಂಡಳು; ನಮ್ಮ ಮಗನು ಮೇನ್ ಸ್ವಿಚ್ಚನ್ನು ಆರಿಸಿದನು. ಸ್ವಲ್ಪ ಹೊತ್ತಿನಲ್ಲಿಯೇ ಗಳ ಮುರಿದು ನೀರೂ ಬಿದಿರೂ ದೀಪದ ತಂತಿಯೂ ಒಟ್ಟಿಗೆ ಆ ಚಾಪೆಯ ಮೇಲೆ ಬಿದ್ದುವು. ಮಗುವಿನ ತಲೆದಿಂಬು ಬಿದಿರಿನ ಅಡಿಯಲ್ಲಿತ್ತು.

ನೀರಿಗೆ ಇಷ್ಟು ಭಾರವೆಲ್ಲಿಯದು ಎಂದು ಕೇಳಬಹುದು. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು, ಎಂದರೆ 1 ಕಿಲೋಗ್ರಾಮ್. 10 ಅಡಿ ಉದ್ದ 10 ಅಡಿ ಅಗಲದ ಟಾರ್ಪಾಲಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದು ಅಷ್ಟೂ ನಿಂತಿತೆಂದರೆ, 90 ಕಿಲೋಗ್ರಾಮಿಗೂ ಮಿಕ್ಕ ತೂಕ. ಇದರಲ್ಲಿ ಕೇಡು ತಾನಾಗಿ ಬೆಳೆಯುತ್ತದೆ. ಹೇಗೆಂದರೆ—ಮೊದಲು ಬಿದ್ದ ನೀರಿನ ಭಾರಕ್ಕೆ ಬಟ್ಟೆ ತುಸು ತಗ್ಗುತ್ತದೆ. ತಗ್ಗಿದುದರಿಂದ ಸುತ್ತಲಿನ ನೀರೂ ಅಲ್ಲಿಗೇ ಸೇರುತ್ತದೆ. ಸೇರಿದುದರಿಂದ ಮತ್ತಷ್ಟು ತಗ್ಗುತ್ತದೆ. ಆದಕಾರಣ ಮೊದಲ ಬೊಗಸೆ ನೀರು ನಿಲ್ಲದಂತೆ ನೋಡಿಕೊಳ್ಳುವುದೇ ಸರಿಯಾದ ಉಪಾಯ.

ಅದಕ್ಕೆ ಮೊದಲನೆಯದು ಇಳಿಜಾರು. ನಾಲ್ಕಡಿ ಅಗಲಕ್ಕೆ ಒಂದಡಿಯಂತೆ ತಗ್ಗಿಸಿದರೆ ಸಾಮಾನ್ಯವಾಗಿ ಸಾಕು. 10 ಅಡಿಗೆ ಎರಡೂವರೆ ಅಡಿ. ಆತನು ಹೇಳಿದ್ದೂ ಅದನ್ನೇ. ತಲೆ ತಗಲುವ ಭಯವಿದ್ದರೆ ನಡುವೆ ಉದ್ದಕ್ಕೂ ಒಂದು ಗಳವನ್ನು ಎತ್ತರಿಸಿ ಹಂಚಿನ ಮನೆಯ ಮಾಡಿನಂತೆ ಎರಡು ಕಡೆಗೂ ಇಳಿಸಬಹುದು. ಚಿಕ್ಕ ನೆರಳುಮಾಡಾದರೆ ಮುಂದಿನ ಒಂದು ಮೂಲೆಯನ್ನು ತಗ್ಗಿಸಿದರೂ ನಡೆಯುತ್ತದೆ. ಆ ಮೂಲೆಯು ಮನೆಯ ಗೋಡೆಯ ಕಡೆಗಿರಕೂಡದು. ಕೆಳಗೆ ಹಂಡೆಯನ್ನಿಟ್ಟರೆ ಮುಸುರೆ ತಿಕ್ಕುವುದಕ್ಕೆ ನೀರಾಯಿತು.

ಎರಡನೆಯದು ಆಧಾರ. ಟಾರ್ಪಾಲಿನ ಕೆಳಗೆ ಕೊಡುವ ಗಳಗಳೂ ಹಗ್ಗಗಳೂ ನೀರು ಹರಿಯುವ ದಿಕ್ಕಿಗೇ ಇರತಕ್ಕದ್ದು. ಅಡ್ಡಲಾಗಿ ಕೊಟ್ಟರೆ ಒಂದೊಂದು ಗಳವೂ ಒಂದೊಂದು ಕಟ್ಟೆಯಾಗಿ, ಅದರ ಹಿಂದೆ ನೀರು ಮಡುಗಟ್ಟುತ್ತದೆ. ನಡುವೆ ನಿಲ್ಲಿಸುವ ಕಂಬದ ತುದಿಗೆ ಹಳೆಯ ಬಟ್ಟೆಯನ್ನು ದಪ್ಪವಾಗಿ ಸುತ್ತಬೇಕು. ಇಲ್ಲವಾದರೆ ಟಾರ್ಪಾಲು ಹರಿಯುವುದು.

ಮೂರನೆಯದು ಬಿಗಿ. ನೈಲಾನು ನೆನೆದರೆ ಸಡಿಲವಾಗುತ್ತದೆ. ಅದನ್ನು ಮಳೆ ಹಿಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಹತ್ತಿಯ ಹುರಿಹಗ್ಗವು ನೆನೆದರೆ ಕುಗ್ಗುತ್ತದೆ. ಅದನ್ನು ತುಸು ಸಡಿಲಿಸದಿದ್ದರೆ ಗೂಟವೇ ಕಿತ್ತು ಬಂದೀತು. ಗೂಟದ ತಲೆ ಚಪ್ಪರದಿಂದ ಆಚೆಗೆ ವಾಲಿರುವಂತೆ ನೆಡತಕ್ಕದ್ದು.

ಇಷ್ಟಾದರೂ ನೀರು ನಿಂತಿತೆನ್ನಿ. ನಿಂತದ್ದು ಒಂದೆರಡು ಚೊಂಬಿನಷ್ಟಾದರೆ, ಬಟ್ಟೆ ಸುತ್ತಿದ ಕೋಲಿನಿಂದ ಎತ್ತರದ ಕಡೆಯಿಂದ ತಗ್ಗಿನ ಅಂಚಿನ ಕಡೆಗೆ ಮೆಲ್ಲನೆ ಎತ್ತಿ ಚೆಲ್ಲಬಹುದು. ಹೊಟ್ಟೆಬಿಟ್ಟಿದ್ದರೆ ಕೆಳಗೆ ನಿಂತು ತಿವಿಯುವ ಸಾಹಸವು ಕೂಡದು. ಮೊದಲು ಜನರನ್ನು ಹೊರಡಿಸಿ, ವಿದ್ಯುತ್ತನ್ನು ನಿಲ್ಲಿಸಿ, ಬಳಿಕ ಹೊರಗೆ ಬದಿಗೆ ನಿಂತು ತಗ್ಗಿನ ಕಡೆಯ ಹಗ್ಗವನ್ನು ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ಅಂಚು ಇಳಿದು ನೀರು ಹೋಗುತ್ತದೆ. ಮಳೆಯ ರಾತ್ರಿ ಇಂತಹ ಮಾಡಿನ ಕೆಳಗೆ ಮಕ್ಕಳನ್ನು ಮಲಗಿಸುವುದೇ ಬೇಡ.

ಮರುದಿನ ಬೆಳಗಾಗುವ ಮೊದಲೇ ಆತನು ತಾನಾಗಿ ಬಂದನು. ಮುರಿದ ಗಳವನ್ನು ನೋಡಿದನು, ನಮ್ಮನ್ನು ನೋಡಿದನು, “ನಾನು ಹೇಳಿರಲಿಲ್ಲವೆ?” ಎಂಬ ಮಾತು ಆತನ ಬಾಯಿಂದ ಬರಲಿಲ್ಲ. “ಮಕ್ಕಳಿಗೇನೂ ಆಗಲಿಲ್ಲ ತಾನೆ, ಮೇಷ್ಟ್ರೇ?” ಎಂದಷ್ಟೇ ಕೇಳಿ, ಬೀದಿಯ ಕಡೆ ಎರಡೂವರೆ ಅಡಿ ತಗ್ಗಿಸಿ ಕಟ್ಟತೊಡಗಿದನು. ನಾವು ಹಗ್ಗದ ತುದಿಯನ್ನು ಹಿಡಿದುಕೊಂಡು ನಿಂತೆವು. ಮುಹೂರ್ತಕ್ಕೆ ಬಂದ ನೆಂಟರು ತಲೆ ಬಗ್ಗಿಸಿಯೇ ಒಳಗೆ ಬಂದರು, ಯಾರೂ ಬೇಸರಪಡಲಿಲ್ಲ.