ಕೆಚ್ಚು ಯಾರದು, ಬಿರುದು ಯಾರಿಗೆ?

ನಡುರಸ್ತೆಯಲ್ಲಿ ಬೈಕಿನ ಮುಂಚಕ್ರವನ್ನೆತ್ತಿ ಓಡಿಸುವ ಯುವಕನ ಕೃತ್ಯವನ್ನು ನಮ್ಮ ಸುದ್ದಿವಾಹಿನಿಗಳು ‘ಸಾಹಸ’ ಎನ್ನುತ್ತವೆ. ಪೊಲೀಸರು ಅವನ ಮೇಲೆ ಮೊಕದ್ದಮೆ ಹೂಡಿದ ಸುದ್ದಿಯಲ್ಲೂ ಅದೇ ಪದವಿರುತ್ತದೆ. ಹಿಮಶಿಖರವನ್ನೇರಿದವನದೂ ಸಾಹಸ, ಉರಿಯುವ ಮನೆಯೊಳಗಿಂದ ನೆರೆಮನೆಯ ಮಗುವನ್ನು ಹೊತ್ತು ತಂದವನದೂ ಸಾಹಸ. ಇಷ್ಟು ಭಿನ್ನವಾದ ಕೃತ್ಯಗಳಿಗೆಲ್ಲ ಒಂದೇ ಪದವನ್ನು ತೊಡಿಸಿದರೆ, ಅದನ್ನೋದಿ ಬೆಳೆಯುವ ಮಕ್ಕಳು ಶೌರ್ಯವೆಂದರೆ ಏನೆಂದು ತಿಳಿದುಕೊಳ್ಳಬೇಕು?

ಸಾಹಸ ಎಂಬ ಪದದ ಪೂರ್ವಚರಿತ್ರೆ ಅಷ್ಟೇನೂ ಶುಭ್ರವಲ್ಲ. ಪ್ರಾಚೀನ ಧರ್ಮಶಾಸ್ತ್ರಗಳಲ್ಲಿ ಅದು ಹದಿನೆಂಟು ವ್ಯವಹಾರ ಪದಗಳಲ್ಲೊಂದು. ಬಲಪ್ರಯೋಗದಿಂದ ಎಸಗಿದ ಅಪರಾಧಕ್ಕೆ ಇಟ್ಟ ಹೆಸರು. ಕನ್ನಡಕ್ಕೆ ಬರುವ ವೇಳೆಗೆ ಅದು ಹೊಗಳಿಕೆಯಾಗಿತ್ತು. ಹತ್ತನೆಯ ಶತಮಾನದ ರನ್ನನ ಕಾವ್ಯಕ್ಕೆ ‘ಸಾಹಸಭೀಮ ವಿಜಯ’ ಎಂಬ ಹೆಸರೇ ಇದೆ. ಅಪರಾಧದ ಹೆಸರು ಬಿರುದಾಗಿ ಬದಲಾದ ಪರಿ ಇದು.

‘ಬಹಾದ್ದೂರ್’ ಪದದ ಕತೆ ಇನ್ನೂ ಸ್ವಾರಸ್ಯಕರ. ಮಧ್ಯ ಏಷ್ಯಾದ ಕುದುರೆ ಸವಾರರ ನಡುವೆ ಹುಟ್ಟಿ, ಫಾರಸಿಯ ಮೂಲಕ ಮೊಗಲರ ದರ್ಬಾರಿಗೆ ಬಂದ ಈ ಪದ ಕೊನೆಗೆ ಬ್ರಿಟಿಷರ ಕೈಗೆ ಸಿಕ್ಕಿತು. ಅವರು ಅದನ್ನು ಖಾನ್ ಬಹಾದ್ದೂರ್, ರಾವ್ ಬಹಾದ್ದೂರ್ ಎಂದು ತಮಗೆ ನಿಷ್ಠರಾದವರಿಗೆ ಹಂಚಿದರು. ವಿದೇಶೀ ಪ್ರಭುತ್ವಕ್ಕೆ ತಲೆಬಾಗಿದವರಿಗೆ ಶೂರ ಎಂಬ ಬಿರುದು! ಬಿರುದು ಕೊಡುವವರ ಕೈಗೆ ಭಾಷೆ ಸಿಕ್ಕಾಗ ಹೀಗೆಯೇ ಆಗುತ್ತದೆ.

ಹಾಗೆಂದು ಕನ್ನಡದಲ್ಲಿ ಪದಗಳ ಬಡತನವೇನೂ ಇಲ್ಲ. ಹುಂಬತನ, ಭಂಡಧೈರ್ಯ, ಮೊಂಡುಧೈರ್ಯ, ದುಸ್ಸಾಹಸ ಎಂಬ ಪದಗಳನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಿದವರಲ್ಲ. ಇಮಾಂ ಗಝಾಲಿಯವರು ಶೌರ್ಯವನ್ನು ಹೇಡಿತನ ಮತ್ತು ಹುಂಬತನಗಳೆಂಬ ಎರಡು ಅತಿರೇಕಗಳ ನಡುವೆ ಇಟ್ಟರು. ಅರಬಿಯಲ್ಲಿ ಅವು ಜುಬ್ನ್ ಮತ್ತು ತಹವ್ವುರ್, ನಡುವಿನದು ಶಜಾಅತ್. ಕೋಪವು ವಿವೇಕದ ಅಧೀನದಲ್ಲಿದ್ದರೆ ಮಾತ್ರ ಅದು ಶೌರ್ಯವೆನಿಸುತ್ತದೆಂಬುದು ಅವರ ವಿವರಣೆ. ಬೈಕಿನ ಮುಂಚಕ್ರವನ್ನೆತ್ತುವ ಹುಡುಗನದು ಈ ಲೆಕ್ಕದಲ್ಲಿ ತಹವ್ವುರ್. ಅವನಿಗೆ ಹುಂಬ ಎನ್ನಲು ನಾವು ಹಿಂಜರಿಯಬೇಕಾದ ಕಾರಣವೇನೂ ಇಲ್ಲ.

ಇವೆಲ್ಲಕ್ಕಿಂತ ನನಗೆ ಅರ್ಥಪೂರ್ಣವೆನಿಸುವುದು ‘ಕೆಚ್ಚು’ ಎಂಬ ಅಚ್ಚಗನ್ನಡ ಪದ. ಕೆಚ್ಚು ಎಂದರೆ ಮರದ ತಿರುಳು. ವರ್ಷಾನುಗಟ್ಟಲೆ ಬಲಿತು ಗಟ್ಟಿಯಾದ ಒಳಭಾಗ. ಹೊರಗೆ ನಿಂತವರಿಗೆ ಅದು ಕಾಣುವುದಿಲ್ಲ. ಅದು ಒಂದು ದಿನದಲ್ಲಿ ಬೆಳೆಯುವುದೂ ಇಲ್ಲ.

2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಕಾರ್ಮಿಕರು ಒಳಗೆ ಸಿಲುಕಿದರು. ಕೊರೆಯಲು ತಂದ ಭಾರೀ ಯಂತ್ರ ಅವಶೇಷಗಳ ನಡುವೆ ಮುರಿದು ನಿಂತಿತು. ಆಗ ಕರೆ ಹೋದದ್ದು ‘ಇಲಿಬಿಲ’ ಗಣಿಗಾರಿಕೆ ಬಲ್ಲ ಹನ್ನೆರಡು ಮಂದಿ ಬಡ ಕೂಲಿಗಳಿಗೆ. ಮೇಘಾಲಯದ ಕಲ್ಲಿದ್ದಲು ಗಣಿಗಳಲ್ಲಿ ಈ ವಿಧಾನವನ್ನು ಅಪಾಯಕಾರಿಯೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲೇ ನಿಷೇಧಿಸಿತ್ತು. ದೆಹಲಿಯಲ್ಲಿ ನೀರಿನ, ಒಳಚರಂಡಿಯ ಕೊಳವೆಗಳಿಗಾಗಿ ನೆಲದಡಿ ಕೊರೆಯುವುದು ಈ ತಂಡದ ನಿತ್ಯದ ದುಡಿಮೆ. ಅವರಲ್ಲಿ ಮುಸ್ಲಿಮರೂ ಇದ್ದರು, ಹಿಂದೂಗಳೂ ಇದ್ದರು. 800 ಮಿಲಿಮೀಟರ್ ಅಗಲದ ಕೊಳವೆಯೊಳಗೆ ತೆವಳಿ, ಒಬ್ಬ ಅಗೆಯುತ್ತ, ಇನ್ನೊಬ್ಬ ಮಣ್ಣನ್ನು ಒಟ್ಟುತ್ತ, ಮತ್ತೊಬ್ಬ ಅದನ್ನು ಹೊರಸಾಗಿಸುತ್ತ ಉಳಿದ ಹತ್ತು-ಹನ್ನೆರಡು ಮೀಟರ್ ದಾರಿಯನ್ನು ಕೈಯಿಂದಲೇ ಬಿಡಿಸಿದರು. ನವೆಂಬರ್ 28ರ ರಾತ್ರಿ 41 ಮಂದಿಯೂ ಜೀವಂತವಾಗಿ ಹೊರಬಂದರು.

‘ಜೀವದ ಹಂಗು ತೊರೆದು’ ಎಂದು ಮಾಧ್ಯಮಗಳು ಬರೆದವು. ಆದರೆ ಆ ಕೊಳವೆಯೊಳಗೆ ಬೇಕಾದದ್ದು ಜೀವದ ಹಂಗು ತೊರೆಯುವುದಲ್ಲ. ತನ್ನ ಜೀವವನ್ನೂ ಆಚೆಗಿರುವವರ ಜೀವವನ್ನೂ ಕಾಯುವ ನಿಧಾನ, ಪಳಗಿದ ಕೈ. ಹಂಗು ತೊರೆದವನೊಬ್ಬ ಅಲ್ಲಿದ್ದಿದ್ದರೆ ಅನಾಹುತವಾಗುತ್ತಿತ್ತು. ಇಡೀ ದೇಶ ಅವರನ್ನು ಹೀರೋಗಳೆಂದು ಕೊಂಡಾಡಿತು. ಸರಿಯಾಗಿ ಮೂರು ತಿಂಗಳ ನಂತರ, 2024ರ ಫೆಬ್ರವರಿ 28ರಂದು, ಆ ತಂಡದ ಮುಂಚೂಣಿಯಲ್ಲಿದ್ದ ವಕೀಲ್ ಹಸನ್‌ರ ದೆಹಲಿ ಖಜೂರಿ ಖಾಸ್‌ನ ಮನೆಯನ್ನು ದೆಹಲಿ ಅಭಿವೃದ್ಧಿ ಪ್ರಾಧಿಕಾರ ಕೆಡವಿತು. ಅದು ಒತ್ತುವರಿ ಜಾಗವೆಂಬುದು ಪ್ರಾಧಿಕಾರದ ವಾದ; ನಂತರ ಬೇರೆಡೆ ವಸತಿಯ ಪ್ರಸ್ತಾಪವನ್ನೂ ಅದು ಇಟ್ಟಿತು. ಅಂದರೆ ಹೀರೋ ಪದ ಮೂರೇ ತಿಂಗಳಲ್ಲಿ ‘ಒತ್ತುವರಿದಾರ’ ಎಂಬ ಪದಕ್ಕೆ ಎಡೆಮಾಡಿಕೊಟ್ಟಿತು.

ಇನ್ನು ನಮ್ಮ ಮನೆಗಳೊಳಗೆ ಆಡುವ ಮಾತನ್ನೂ ಗಮನಿಸಬೇಕು. ವೀರ ಎಂಬ ಪದದ ಮೂಲಾರ್ಥವೇ ಗಂಡಸು. ಗಂಡುಗಲಿ, ಗಂಡೆದೆ ಎಂಬವುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಉರ್ದುವಿನ ಮರ್ದಾನಗಿಯದ್ದೂ ಅದೇ ಹಾದಿ. ಹುಡುಗ ಎದುರು ನಿಂತು ಮಾತಾಡಿದರೆ ದಿಟ್ಟ. ಹುಡುಗಿ ಹಾಗೆ ಮಾಡಿದರೆ ಗಂಡುಬೀರಿ. ಬೀರ ಎಂಬುದು ವೀರ ಪದದ ತದ್ಭವ. ಹೊಗಳಿಕೆಯ ಪದವೇ ಹೆಣ್ಣಿಗೆ ಅಂಟಿದೊಡನೆ ಬೈಗುಳವಾಗಿಬಿಡುವುದನ್ನು ನಮ್ಮ ತಂದೆತಾಯಂದಿರು ಒಮ್ಮೆಯಾದರೂ ಆಲೋಚಿಸಿದ್ದುಂಟೇ? ದಿಟ್ಟೆ, ಗಟ್ಟಿಗಿತ್ತಿ ಎಂಬ ಒಳ್ಳೆಯ ಪದಗಳು ನಮ್ಮಲ್ಲಿವೆ. ಅವುಗಳನ್ನು ಬಳಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಬಿಲ್ಕಿಸ್ ಬಾನು ಅವರ ಉದಾಹರಣೆಯನ್ನು ತೆಗೆದುಕೊಳ್ಳಿ. 2002ರ ಗುಜರಾತ್ ಹಿಂಸಾಚಾರದಲ್ಲಿ ಗರ್ಭಿಣಿಯಾಗಿದ್ದ ಆಕೆ ಸಾಮೂಹಿಕ ಅತ್ಯಾಚಾರಕ್ಕೊಳಗಾದರು. ಪುಟ್ಟ ಮಗಳೂ ಸೇರಿದಂತೆ ಕುಟುಂಬದ ಹಲವರನ್ನು ಕಳೆದುಕೊಂಡರು. ಸ್ಥಳೀಯ ಪೊಲೀಸರು ಮುಚ್ಚಿಹಾಕಿದ ಪ್ರಕರಣವನ್ನು ಆಕೆ ಸುಪ್ರೀಂ ಕೋರ್ಟಿನವರೆಗೆ ಒಯ್ದರು. ತನಿಖೆ ಸಿಬಿಐಗೆ ಹೋಯಿತು, ವಿಚಾರಣೆ ಮುಂಬಯಿಗೆ ವರ್ಗವಾಯಿತು. 2008ರಲ್ಲಿ 11 ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. 2022ರ ಆಗಸ್ಟ್ 15ರಂದು ಅವರೆಲ್ಲರನ್ನೂ ಅವಧಿಗೆ ಮುನ್ನವೇ ಬಿಡುಗಡೆಗೊಳಿಸಿ, ಹಾರ ಹಾಕಿ ಸಿಹಿ ತಿನ್ನಿಸಿದಾಗ, ಇಪ್ಪತ್ತು ವರ್ಷಗಳ ಹೋರಾಟದಿಂದ ದಣಿದ ಆಕೆ ಮತ್ತೆ ಕೋರ್ಟಿನ ಮೆಟ್ಟಿಲೇರಿದರು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠವು 2024ರ ಜನವರಿ 8ರಂದು ಆ ಬಿಡುಗಡೆಯನ್ನು ರದ್ದುಪಡಿಸಿತು. ಹನ್ನೊಂದು ಮಂದಿಯೂ ಮತ್ತೆ ಜೈಲು ಸೇರಬೇಕಾಯಿತು.

ಹಾರ ಹಾಕಿಸಿಕೊಂಡವರು ಹನ್ನೊಂದು ಮಂದಿ. ಆಕೆಗೆ ನಮ್ಮ ಪತ್ರಿಕೆಗಳು ಕೊಟ್ಟ ಹೆಸರು ‘ಸಂತ್ರಸ್ತೆ’. ತ್ರಸ್ತ ಎಂದರೆ ಹೆದರಿದವ. ಸಂತ್ರಸ್ತೆ ಎಂದರೆ ಅಕ್ಷರಶಃ ತೀವ್ರವಾಗಿ ಭಯಗೊಂಡವಳು. ಕಾನೂನಿನ ಪರಿಭಾಷೆಯಲ್ಲಿ ಅದು ಅನಿವಾರ್ಯವೆನ್ನಬಹುದು. ಆದರೆ ಇಪ್ಪತ್ತೆರಡು ವರ್ಷಗಳ ಕಾಲ ಮನೆಯಿಂದ ಮನೆಗೆ ಬಿಡಾರ ಬದಲಿಸುತ್ತಲೇ, ಒಂದೊಂದಾಗಿ ನ್ಯಾಯಾಲಯಗಳ ಮುಂದೆ ನಿಂತು ಒಂದೇ ಮಾತನ್ನು ಹೇಳಿದ ಹೆಣ್ಣುಮಗಳನ್ನು ಹೆದರಿದವಳು ಎಂದು ಕರೆಯುತ್ತಿದ್ದೇವೆಂಬುದು ಬರೆದವರಿಗೂ ಹೊಳೆದಿಲ್ಲ, ಓದಿದವರಿಗೂ ಹೊಳೆದಿಲ್ಲ. ಕೆಚ್ಚು ಎಂಬ ಪದ ಅಷ್ಟೂ ದಿನ ನಮ್ಮ ನಿಘಂಟಿನಲ್ಲೇ ಇತ್ತು.