ಊರಿಗೆ ಬರುವ ಹಣ, ಊರಿಗೆ ಬಾರದ ನಾವು

ಹಬ್ಬ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಮಸೀದಿಗಳ ಮುಂದೆ ಮೈಸೂರು, ಬೆಂಗಳೂರುಗಳ ಕಾರುಗಳು ಸಾಲಾಗಿ ನಿಲ್ಲುತ್ತವೆ. ಊರು ಬಿಟ್ಟು ಹೋಗಿ ಅನುಕೂಲಸ್ಥರಾದವರು ಎರಡು ದಿನ ಹುಟ್ಟೂರಲ್ಲಿದ್ದು, ಬಾಗಿಲಿಗೆ ಬಂದ ಬಡವರ ಕೈಗೆ ಒಂದೊಂದು ನೋಟನ್ನಿತ್ತು ಹಿಂದಿರುಗುತ್ತಾರೆ. ಅವರ ಸದುದ್ದೇಶವನ್ನು ಶಂಕಿಸಬೇಕಾಗಿಲ್ಲ. ಆದರೆ ಮರುವರ್ಷವೂ ಅದೇ ವಿಧವೆ, ಅದೇ ಕೂಲಿಕಾರ ಅದೇ ಬಾಗಿಲಲ್ಲಿ ಕೈಚಾಚಿ ನಿಲ್ಲುವುದಾದರೆ, ನಾವು ಕೊಟ್ಟದ್ದರಿಂದ ಬದಲಾದುದೇನು?

ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ ಗೆಳೆಯರೊಂದಿಗೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ವೈದ್ಯರಾದ ಬಳಿಕ 1987ರಲ್ಲಿ ಎಚ್.ಡಿ. ಕೋಟೆ ಕಾಡಂಚಿನ ಬ್ರಹ್ಮಗಿರಿಗೆ ಹೋಗಿ, ಕಾಡಿನಿಂದ ಹೊರದೂಡಲ್ಪಟ್ಟ ಆದಿವಾಸಿಗಳ ನಡುವೆ ಚಿಕಿತ್ಸೆ ಆರಂಭಿಸಿದರು. ರೋಗಿಗಳ ಜೊತೆ ಬದುಕಿದಾಗ ಔಷಧಿಯೊಂದೇ ಸಾಲದೆಂಬುದು ಅರಿವಾಯಿತು. ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳ ಶಾಲೆಯೂ ಸರಗೂರಿನಲ್ಲಿ ಆಸ್ಪತ್ರೆಯೂ ಬೆಳೆದುನಿಂತವು. ಹೊರಗಿನವರಾಗಿದ್ದ ಅವರು ಅಲ್ಲಿಯವರಾದರು. ಅಲ್ಲಿಯೇ ಹುಟ್ಟಿದ ನಾವೋ, ಹಬ್ಬದ ಅತಿಥಿಗಳಾಗಿದ್ದೇವೆ.

ಸೇವೆಗೆ ಸಿರಿವಂತಿಕೆ ಬೇಕೆನ್ನುವವರು ದಕ್ಷಿಣ ಕನ್ನಡದ ಹರೇಕಳ ಹಾಜಬ್ಬರನ್ನು ನೆನೆಯಲಿ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ, ಶಾಲೆಯ ಮೆಟ್ಟಿಲು ಹತ್ತದ ಈ ಬಡ ವ್ಯಾಪಾರಿ ತನ್ನೂರಿಗೊಂದು ಶಾಲೆ ಬೇಕೆಂದು ಕಚೇರಿಯಿಂದ ಕಚೇರಿಗೆ ಅಲೆದರು. ಮದ್ರಸದ ಆಶ್ರಯದಲ್ಲಿ ಆರಂಭವಾದ ಆ ಶಾಲೆ ಸರಕಾರಿ ಪ್ರೌಢಶಾಲೆಯಾಗಿ ಬೆಳೆಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಅವರು ಊರಿಗೆ ಕೊಟ್ಟ ಬಹುದೊಡ್ಡ ದಾನ ಹಣವಲ್ಲ, ವರ್ಷಗಟ್ಟಲೆಯ ಓಡಾಟ.

"ಊರಿನ ಕಮಿಟಿ ಜಗಳ ಯಾರಿಗೆ ಬೇಕು?" ಎಂಬುದು ಹಲವರ ತಕರಾರು. ಅದರಲ್ಲಿ ಹುರುಳಿಲ್ಲದಿಲ್ಲ. ಲೆಕ್ಕವಿಲ್ಲದ ಕಡೆ ನಂಬಿಕೆ ಹುಟ್ಟದು. ಆದರೆ ದೂರ ಉಳಿದರೆ ಲೆಕ್ಕ ಕೇಳುವವರಾದರೂ ಯಾರು? ಪವಿತ್ರ ಕುರ್‌ಆನ್ ಝಕಾತಿನ ಎಂಟು ಹಕ್ಕುದಾರರಲ್ಲಿ ಅದನ್ನು ಸಂಗ್ರಹಿಸಿ ನಿರ್ವಹಿಸುವವರನ್ನೂ ಸಾಲದಲ್ಲಿ ಮುಳುಗಿದವರನ್ನೂ ಸೇರಿಸಿದೆ. ಅಂದರೆ ಝಕಾತ್ ಚಿಲ್ಲರೆ ಹಂಚಿಕೆಯಲ್ಲ, ಅದೊಂದು ವ್ಯವಸ್ಥೆ.

ಆದ್ದರಿಂದ ಊರು ಬಿಟ್ಟವರು ಮೊದಲು ಜಮಾಅತಿನ ಹಿರಿಯರೊಂದಿಗೆ ಕುಳಿತು ಮನೆಮನೆಯ ಪಟ್ಟಿ ಮಾಡಲಿ. ಹತ್ತನೆಯ ತರಗತಿಗೇ ಓದು ನಿಲ್ಲಿಸಿದ ಹೆಣ್ಣುಮಗಳು ಯಾರು? ಬಡ್ಡಿಯ ಸುಳಿಯಲ್ಲಿ ಸಿಲುಕಿದ ಮನೆ ಯಾವುದು? ಐವತ್ತು ಮಂದಿಗೆ ನೋಟು ಹಂಚುವ ಬದಲು ಐವರ ಓದನ್ನು ಕೊನೆ ಮುಟ್ಟಿಸಲಿ. ಬಂದ ಹಣ, ಹೋದ ಹಣದ ಲೆಕ್ಕವನ್ನು ಮಸೀದಿಯ ಫಲಕದಲ್ಲಿ ಬರೆಯಲಿ, ನೆರವು ಪಡೆದವರ ಹೆಸರನ್ನಲ್ಲ. ಸ್ವಯಂಸೇವೆಯ ದಾನಗಳಲ್ಲಿ ನೆರೆಯ ದಲಿತ, ಆದಿವಾಸಿ ಮಗುವಿಗೂ ಪಾಲಿರಲಿ. ನಿವೃತ್ತ ಶಿಕ್ಷಕರು, ದಾದಿಯರು ತಿಂಗಳಿಗೊಂದು ಭಾನುವಾರ ಕೊಟ್ಟರೆ ಅದೂ ದಾನವೇ.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಬಾಗಿಲಲ್ಲಿ ನಿಂತವರನ್ನು ಎಣಿಸೋಣ. ವರ್ಷದಿಂದ ವರ್ಷಕ್ಕೆ ಆ ಸಂಖ್ಯೆ ಇಳಿಯುತ್ತಿದ್ದರೆ ಮಾತ್ರ ನಮ್ಮ ದಾನ ಊರನ್ನು ತಲುಪಿದೆಯೆಂದು ಅರ್ಥ.