‘ಆರ್‌ಟಿಎ’ ಎಂದು ಗೀಚಿದರೆ ಮುಗಿಯಿತೆ?

ಅಮೆರಿಕದ ಟೆಕ್ಸಾಸ್‌ನಲ್ಲಿ ಎರಡು ಕಾರುಗಳು ಡಿಕ್ಕಿಯಾಗಿ ಒಂದರ ಚಾಲಕ ಆಸ್ಪತ್ರೆ ಸೇರಿದ ಎಂದಿಟ್ಟುಕೊಳ್ಳಿ. ಅವನ ಕಡತ ಬೆಂಗಳೂರಿನ ಯಾವುದೋ ಕಚೇರಿಯ ಕಂಪ್ಯೂಟರಿಗೆ ಬರುತ್ತದೆ. ಲೈಫ್ ಸೈನ್ಸ್ ಪದವಿ ಮುಗಿಸಿ ಮೆಡಿಕಲ್ ಕೋಡಿಂಗ್ ಕಲಿತ ನಮ್ಮೂರಿನ ಹುಡುಗಿಯೊಬ್ಬಳು ಅದನ್ನು ಓದಿ ‘ವಿ43.52ಎಕ್ಸ್‌ಎ’ ಎಂದು ನಮೂದಿಸುತ್ತಾಳೆ. ಗಾಯಾಳು ಕಾರಿನಲ್ಲಿದ್ದ, ಸ್ಟಿಯರಿಂಗ್ ಅವನ ಕೈಯಲ್ಲೇ ಇತ್ತು, ಗುದ್ದಿದ್ದೂ ಕಾರೇ, ಎಸ್‌ಯುವಿ ಅಲ್ಲ, ನಡೆದದ್ದು ಸಾರ್ವಜನಿಕ ರಸ್ತೆಯಲ್ಲಿ, ಚಿಕಿತ್ಸೆ ಇನ್ನೂ ಆರಂಭದ ಹಂತದಲ್ಲಿದೆ. ಇಷ್ಟೆಲ್ಲ ಏಳು ಅಕ್ಷರ-ಅಂಕಿಗಳಲ್ಲಿ.

ಅದೇ ಹುಡುಗಿಯ ಅಣ್ಣ ಅದೇ ರಾತ್ರಿ ಬೈಕಿನಿಂದ ಬಿದ್ದು ಊರಿನ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಬಂದರೆ ಕೇಸ್ ಶೀಟಿನಲ್ಲಿ ಏನಿರುತ್ತದೆ? ಬಹುತೇಕ ‘ಅಲೆಜ್ಡ್ ಹಿಸ್ಟರಿ ಆಫ್ ಆರ್‌ಟಿಎ’ (ರಸ್ತೆ ಅಪಘಾತವಾಗಿದೆಯಂತೆ) ಎಂಬ ಒಂದೇ ಸಾಲು. ಓಡಿಸುತ್ತಿದ್ದನೋ, ಹಿಂದೆ ಕೂತಿದ್ದನೋ? ಹೆಲ್ಮೆಟ್ ಇತ್ತೋ? ಬಸ್ ತಗುಲಿತೋ, ಹಂಪ್ ಹಾರಿತೋ, ನಾಯಿ ಅಡ್ಡ ಬಂತೋ? ಆ ಸಾಲು ಏನನ್ನೂ ಹೇಳುವುದಿಲ್ಲ.

ಈ ಕೋಡುಗಳ ಮೂಲ ಫ್ರಾನ್ಸಿನ ಜಾಕ್ ಬರ್ಟಿಯೋಂ 1893ರಲ್ಲಿ ಮಂಡಿಸಿದ ಸಾವಿನ ಕಾರಣಗಳ ಪಟ್ಟಿ. ಅದು ಬೆಳೆದು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ, ಅಂದರೆ ಐಸಿಡಿ ಆಯಿತು. ಐಸಿಡಿ-10ರಲ್ಲಿ ಒಬ್ಬ ಗಾಯಾಳುವಿಗೆ ಎರಡು ಬಗೆಯ ಕೋಡು ಬೇಕು. ‘ಎಸ್’ ಮತ್ತು ‘ಟಿ’ ಅಕ್ಷರದವು ಏನು ಮುರಿಯಿತು ಎಂದು ಹೇಳುತ್ತವೆ, ತೊಡೆಮೂಳೆಯಾದರೆ ಎಸ್72. ‘ವಿ’ ಅಕ್ಷರದವು ಹೇಗೆ ಮುರಿಯಿತು ಎಂದು ಹೇಳುತ್ತವೆ. ಬೈಕ್ ತಾನಾಗಿ ಜಾರಿದರೆ ವಿ28, ಲಾರಿಗೋ ಬಸ್ಸಿಗೋ ಗುದ್ದಿದರೆ ವಿ24. ಚುಕ್ಕಿಯ ಮುಂದೆ 4 ಇದ್ದರೆ ಸವಾರ, 5 ಇದ್ದರೆ ಹಿಂಬದಿ ಸವಾರ. ಅಮೆರಿಕದವರು ಇದನ್ನೇ ಹಿಗ್ಗಿಸಿ, ಜೆಟ್ ಎಂಜಿನ್ನಿನೊಳಕ್ಕೆ ಸೆಳೆಯಲ್ಪಟ್ಟವನು ಮರುಭೇಟಿಗೆ ಬಂದರೆ ಹಾಕಬೇಕಾದ ಕೋಡನ್ನೂ ಮಾಡಿಟ್ಟಿದ್ದಾರೆ. (ಎಂಜಿನ್ನಿನಿಂದ ಪಾರಾಗಿ ಮರುಭೇಟಿಗೂ ಬಂದವನಿದ್ದರೆ ಅವನಿಗೊಂದು ದೊಡ್ಡ ನಮಸ್ಕಾರ.) ಅಷ್ಟು ಸೂಕ್ಷ್ಮ ನಮಗೆ ಬೇಡ. ಆದರೆ ‘ಆರ್‌ಟಿಎ’ ಎಂದಷ್ಟೇ ಬರೆದ ಶೀಟಿಗೆ ಸಿಗುವುದು ವಿ89.2, ಅಂದರೆ ಯಾವುದೋ ಮೋಟಾರು ವಾಹನ, ಹೇಗೋ ಅಪಘಾತ. ಕೋಡರ್‌ಗೆ ಊಹಿಸುವ ಅಧಿಕಾರವಿಲ್ಲ. ಶೀಟಿನಲ್ಲಿ ಬರೆಯದ್ದನ್ನು ಅವರು ಸೇರಿಸುವಂತಿಲ್ಲ.

ವೈದ್ಯರನ್ನು ದೂರುವುದು ಸುಲಭ. ರಾತ್ರಿ ಎರಡು ಗಂಟೆಗೆ ರಕ್ತ ಸೋರುವ ಮೂವರು ಒಟ್ಟಿಗೆ ಬಂದಾಗ ಡ್ಯೂಟಿ ಡಾಕ್ಟರು ಉಸಿರಾಟ ನೋಡಬೇಕೇ ಹೊರತು ಫಾರಂ ಅಲ್ಲ. ಮೊದಲು ಜೀವ, ಆಮೇಲೆ ಕಾನೂನಿನ ವಿಧಿವಿಧಾನ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ತಕರಾರು ಇರುವುದು ಆ ಮೊದಲ ಗಂಟೆಯ ಬಗ್ಗೆ ಅಲ್ಲ. ಮರುದಿನ ಬೆಳಿಗ್ಗೆ ರೌಂಡ್ಸ್‌ನಲ್ಲಾಗಲಿ, ವಾರದ ಮೇಲೆ ಡಿಸ್ಚಾರ್ಜ್ ಸಮ್ಮರಿಯಲ್ಲಾಗಲಿ ಯಾರೂ ಆ ಸಾಲನ್ನು ತಿದ್ದಿ ತುಂಬುವುದಿಲ್ಲವಲ್ಲ, ಅದರ ಬಗ್ಗೆ.

ಅದರ ಬೆಲೆ ತಿಳಿಯುವುದು ಕೋರ್ಟಿನಲ್ಲಿ. ಬೆಂಗಳೂರಿನಲ್ಲಿ ಮೋಟಾರು ಅಪಘಾತ ಪರಿಹಾರದ ಅರ್ಜಿಗಳು ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ನಡೆಯುತ್ತವೆ. ಅಲ್ಲಿ ವಿಮಾ ಕಂಪನಿಯ ವಕೀಲರು ಮೊದಲು ತಿರುವಿಹಾಕುವುದೇ ಕೇಸ್ ಶೀಟ್ ಮತ್ತು ಕಾನೂನು ಸಂಬಂಧಿ ವೈದ್ಯಕೀಯ ಪ್ರಕರಣಗಳ ಎಂಎಲ್‌ಸಿ ರಿಜಿಸ್ಟರ್. ಪ್ರಜ್ಞೆ ತಪ್ಪಿದವನನ್ನು ಕರೆತಂದ ಆಟೋದವರಿಗೆ ಏನೂ ಗೊತ್ತಿರುವುದಿಲ್ಲ. ಪೊಲೀಸ್ ಸ್ಟೇಷನ್ನಿನ ಅಲೆದಾಟಕ್ಕೆ ಹೆದರಿದ ಮನೆಯವರು ‘ಗಾಡಿಯಿಂದ ಬಿದ್ದ’ ಎಂದಿರುತ್ತಾರೆ. ಅದು ‘ಸೆಲ್ಫ್ ಫಾಲ್’ ಎಂದು ದಾಖಲಾಗುತ್ತದೆ. ಹತ್ತು ದಿನದ ಮೇಲೆ ‘ಕಾರು ಗುದ್ದಿತು’ ಎಂದು ದೂರು ಕೊಟ್ಟರೆ, ಕಾರನ್ನು ಆಮೇಲೆ ಸೃಷ್ಟಿಸಲಾಗಿದೆ ಎಂಬ ವಾದ ಸಿದ್ಧವಾಗಿರುತ್ತದೆ. ಹಾಗೆ ಕಾರು ಸೃಷ್ಟಿಸುವವರೂ ಇದ್ದಾರೆ ಎಂಬುದೂ ಸುಳ್ಳಲ್ಲ. ಆದರೆ ಸರಿಯಾದ ದಾಖಲೆ ಇಲ್ಲದಾಗ ನಿಜವಾದ ಗಾಯಾಳುವೂ ಅವರ ಸಾಲಿನಲ್ಲೇ ನಿಲ್ಲಬೇಕಾಗುತ್ತದೆ.

ಗಾಯದ ವಿವರವೂ ಅಷ್ಟೇ ಭಾರದ್ದು. ಮೂಳೆ ಮುರಿದರೆ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನ ಪ್ರಕಾರ ಅದು ತೀವ್ರ ಗಾಯ. ವೂಂಡ್ ಸರ್ಟಿಫಿಕೇಟಿನಲ್ಲಿ ಎಡಗಾಲು ಬಲಗಾಲಾದರೆ ವಿಚಾರಣೆಯ ದಾರಿಯೇ ತಪ್ಪುತ್ತದೆ. ಅಂಗವೈಕಲ್ಯದ ಲೆಕ್ಕಕ್ಕೆ ಇಂದಿಗೂ ಆಧಾರವಾಗಿರುವ 2010ರ ಸುಪ್ರೀಂ ಕೋರ್ಟ್ ತೀರ್ಪು ಒಬ್ಬ ಚೀಸ್ ವ್ಯಾಪಾರಿಯದು. ಎಡಗಾಲಿನ ಎರಡೂ ಮೂಳೆ, ಎಡಗೈ ಮೂಳೆ ಮುರಿದಿದ್ದ ಆತನ ಸರ್ಟಿಫಿಕೇಟ್ ಶೇ 45 ವೈಕಲ್ಯ ಎಂದಿತ್ತು. ಗಳಿಕೆಯ ಶಕ್ತಿ ಕುಂದಿದ್ದು ಶೇ 20 ಎಂದು ನ್ಯಾಯಾಲಯ ಲೆಕ್ಕ ಹಾಕಿತು. ಶೇಕಡಾವಾರು ಸಂಖ್ಯೆಯೊಂದೇ ಸಾಲದು, ಆ ಗಾಯ ಆ ಮನುಷ್ಯನ ದುಡಿಮೆಗೆ ಏನು ಮಾಡಿತು ಎಂಬುದು ಬೇಕು ಎನ್ನುವುದು ಆ ತೀರ್ಪಿನ ತಿರುಳು.

ಇನ್ನು ದೇಶದ ಲೆಕ್ಕ. 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ, ಗಾಯಗೊಂಡವರು 4,43,366 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯ ಹೇಳುತ್ತದೆ. ಒಂದು ಸಾವಿಗೆ ಮೂವರು ಗಾಯಾಳುಗಳೂ ಇಲ್ಲ! ಯಾವುದೇ ಜಿಲ್ಲಾಸ್ಪತ್ರೆಯ ಮೂಳೆ ವಾರ್ಡನ್ನು ಒಮ್ಮೆ ನೋಡಿದವರು ಇದನ್ನು ನಂಬಲಾರರು. ಈ ಅಂಕಿಗಳು ಪೊಲೀಸ್ ದಾಖಲೆಯಿಂದ ಬಂದವು. ಠಾಣೆಗೆ ಹೋಗದ ಗಾಯಾಳು ಇಲ್ಲಿ ಎಣಿಕೆಗೆ ಸಿಗುವುದಿಲ್ಲ. ಸಾವುಗಳನ್ನು ಪೊಲೀಸರು ಬಹುಮಟ್ಟಿಗೆ ಹಿಡಿಯುತ್ತಾರೆ, ಗಾಯಗಳನ್ನು ಹಿಡಿಯಬೇಕಾದದ್ದು ಆಸ್ಪತ್ರೆ ಎಂಬುದನ್ನು ನಿಮ್ಹಾನ್ಸ್‌ನ ಜಿ. ಗುರುರಾಜ್ ಮತ್ತು ತಂಡ ಬೆಂಗಳೂರಿನ ಗಾಯ ನಿಗಾ ಕಾರ್ಯಕ್ರಮದಲ್ಲಿ ವರ್ಷಗಳ ಹಿಂದೆಯೇ ತೋರಿಸಿತ್ತು.

ಸಲಕರಣೆ ಇಲ್ಲವೆಂದಲ್ಲ. ಐಐಟಿ ಮದ್ರಾಸ್ ಮತ್ತು ಎನ್‌ಐಸಿ ರೂಪಿಸಿದ, ರಸ್ತೆ ಅಪಘಾತಗಳ ವಿವರ ಸೇರಿಸುವ ಐರಾಡ್ ದತ್ತಾಂಶ ಜಾಲ ಮೊದಲು ಪ್ರಯೋಗಕ್ಕೆ ಬಂದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಈಗ ಅಪಘಾತವಾದ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯ ಯೋಜನೆ 2025ರ ಮೇ ತಿಂಗಳಿಂದ ಜಾರಿಯಲ್ಲಿದೆ. ಆಸ್ಪತ್ರೆಗೆ ಆ ಹಣ ಬರಬೇಕಾದರೆ ಅಪಘಾತ ನಡೆದದ್ದು ದಾಖಲೆಯಲ್ಲಿ ಖಚಿತವಾಗಿರಬೇಕು. ಆಸ್ಪತ್ರೆಗಳಿಗೆ ಬರೆಯುವ ಆಸಕ್ತಿ ಹುಟ್ಟಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಸರ್ಕಾರ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಕ್ಯಾಶುವಾಲ್ಟಿಯ ಶೀಟಿಗೆ ಟಿಕ್ ಹಾಕುವ ಆರು ಚೌಕ ಸೇರಿಸಲಿ: ಯಾವ ವಾಹನ, ಎಲ್ಲಿ ಕೂತಿದ್ದರು, ಎದುರಿಗೆ ಏನಿತ್ತು, ಹೆಲ್ಮೆಟ್ ಅಥವಾ ಬೆಲ್ಟ್, ಯಾವ ಜಾಗ, ಹೇಳಿದವರು ಯಾರು. ಕೊನೆಯದನ್ನು ಬಿಡಬಾರದು, ‘ಸೆಲ್ಫ್ ಫಾಲ್’ ಎಂದವರು ಹೆಂಡತಿಯೋ ಆಟೋದವರೋ ಎಂಬುದರ ಮೇಲೆಯೇ ಮುಂದೆ ವಾದ ನಡೆಯುವುದು. ಜಿಲ್ಲೆಗೊಬ್ಬಿಬ್ಬರು ತರಬೇತಾದ ಕೋಡರ್‌ಗಳನ್ನು ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ನೇಮಿಸಲಿ. ಕಲಿತವರಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಚೌಕಗಳನ್ನು ಡಾಕ್ಟರೇ ತುಂಬಬೇಕಿಲ್ಲ. ಸ್ಟ್ರೆಚರ್ ಇಳಿಸುವಾಗ 108 ಆಂಬುಲೆನ್ಸಿನ ಸಿಬ್ಬಂದಿ, ‘ಟ್ರ್ಯಾಕ್ಟರ್ ಟ್ರೇಲರಿಗೆ ಲೈಟೇ ಇರಲಿಲ್ಲ ಸಿಸ್ಟರ್, ಹಿಂದಿನಿಂದ ಹೋಗಿ ಗುದ್ದಿದ್ದಾರೆ’ ಎಂದು ನರ್ಸಿಗೆ ಹೇಳಿಯೇ ಹೋಗುತ್ತಾರೆ. ಸದ್ಯಕ್ಕೆ ಅದನ್ನು ಬರೆದುಕೊಳ್ಳಲು ಆ ನರ್ಸಿನ ಮುಂದಿರುವ ಹಾಳೆಯಲ್ಲಿ ಜಾಗವಿಲ್ಲ.